ಭಟ್ಟಿಯ ನಡುವಿನ ಮಂಚ

ನಮ್ಮೂರಿನಲ್ಲಿ ಯಾರನ್ನಾದರೂ ಯಜಮಾನರನ್ನಾಗಿ ಮಾಡುವಾಗ ಕುರ್ಚಿಯ ಮೇಲೆ ಕೂರಿಸುವುದಿಲ್ಲ, ಮಂಚದ ಮೇಲೆ ಮಲಗಿಸುತ್ತೇವೆ. ಹಾರ ತುರಾಯಿ ಎಲ್ಲ ಆಮೇಲೆ. ಮೊದಲು ಎಲ್ಲರ ಎದುರು ಮಲಗಬೇಕು, ಕಣ್ಣು ಮುಚ್ಚಬೇಕು, ನಿದ್ದೆ ಹೋಗಬೇಕು. ಕಳ್ಳನಿದ್ದೆ ನಡೆಯುವುದಿಲ್ಲ, ಅಂಗಾಲಿಗೆ ಕೋಳಿಪುಕ್ಕ ಆಡಿಸಿ ನೋಡುವ ಮುದುಕಿಯರಿದ್ದಾರೆ. ಶಾಲೆಯ ಹೆಡ್‌ಮಾಸ್ತರರಿಗೆ ಕರಿಹಲಗೆಯ ಪಕ್ಕ ಒಂದು ಮಂಚ, ಠಾಣೆಯ ಸಾಹೇಬರಿಗೆ ಲಾಕಪ್ಪಿನ ಎದುರು ಒಂದು ಮಂಚ. ಮದುವೆಮನೆಯಲ್ಲಿ ಅಡುಗೆಯ ಮೇಸ್ತ್ರಿ ಒಲೆ ಹಚ್ಚುವ ಮೊದಲು ಬಾಳೆಎಲೆಯ ರಾಶಿ ಪಕ್ಕ ಒಂದು ನಿದ್ದೆ ತೆಗೆಯದಿದ್ದರೆ ಬೀಗರ ಮುಖ ಸಣ್ಣದಾಗುತ್ತದೆ. ಬೇರೆ ಊರಿನವರು ಎದುರು ಸಿಕ್ಕವರನ್ನು ‘ಊಟ ಆಯ್ತಾ’ ಎಂದು ಕೇಳುತ್ತಾರಂತೆ. ನಾವು ‘ನಿದ್ದೆ ಆಯ್ತಾ’ ಎಂದು ಕೇಳುತ್ತೇವೆ.

ಯಾಕೆಂದರೆ ನಮ್ಮಲ್ಲಿ ಮೇಲಿನವರು ಮಾಡದೆ ಬಿಟ್ಟ ನಿದ್ದೆ ಕೆಳಗಿನವರ ಮೇಲೆ ಇಳಿಯುತ್ತದೆ. ಮೊದಲು ಯಾರು ಹೆಚ್ಚು ಸವೆದಿದ್ದಾರೋ ಅವರ ಮೇಲೆ, ಹಳ್ಳ ಇದ್ದ ಕಡೆ ನೀರು ಹರಿದ ಹಾಗೆ. ಅದು ಸ್ವಂತ ನಿದ್ದೆಯಲ್ಲ, ಬೇರೆಯವರದು. ಅದನ್ನು ಮಾಡಿ ಎದ್ದವರಿಗೆ ಇನ್ನಷ್ಟು ಸುಸ್ತು. ಮಲಗಿದವರ ಬಾಯಲ್ಲಿ ಆ ಮೇಲಿನವರ ಮಾತೇ ಬರುತ್ತದೆ, ದನಿಯೂ ಅವರದೇ.

ಊರಾಚೆ ಹಳೆಯ ಗಾಣದ ಮನೆಯೊಂದಿದೆ. ನಮ್ಮ ಅಜ್ಜನ ಕಾಲದಲ್ಲಿ ಅಲ್ಲೊಬ್ಬ ಯಜಮಾನನಿದ್ದ. ಒಳ್ಳೆಯವನೇ. ‘ನಾನೊಬ್ಬ ಎಚ್ಚರ ಇದ್ರೆ ಸಾಕು, ನೀವೆಲ್ಲ ಆರಾಮಾಗಿರ್ರಿ’ ಎನ್ನುತ್ತಿದ್ದನಂತೆ. ಎಚ್ಚರವಿದ್ದೂ ಇದ್ದೂ ಒಂದು ದಿನ ಗಾಣಕ್ಕೆ ಒರಗಿ ಕಣ್ಣು ಬಿಟ್ಟುಕೊಂಡೇ ಸತ್ತ. ಅವನ ಬಾಕಿ ನಿದ್ದೆಯನ್ನು ಮಾಡಿ ಮುಗಿಸುವವರು ಯಾರೂ ಉಳಿಯಲಿಲ್ಲ. ಅವನ ಆಳುಗಳು ಇವತ್ತಿಗೂ ಅಲ್ಲಿ ಎರಡು ಸಾಲಾಗಿ ಮಲಗಿದ್ದಾರೆ. ಯುಗಾದಿಗೆ ಮೊಮ್ಮಕ್ಕಳು ಹೋಗಿ ಅವರ ತಲೆಗೆ ಎಣ್ಣೆ ಒತ್ತುತ್ತಾರೆ, ಉಗುರು ಕತ್ತರಿಸುತ್ತಾರೆ, ಬಾಯಿಗೆ ಒಂದು ಹನಿ ಬೇವುಬೆಲ್ಲದ ನೀರು ಬಿಡುತ್ತಾರೆ. ನಾನೂ ಒಂದು ಸಲ ಹೋಗಿದ್ದೆ. ನಾನಿದ್ದಾಗಲೇ ಅಷ್ಟೂ ತುಟಿಗಳು ಒಟ್ಟಿಗೆ ಅಲುಗಿದವು. ‘ಗಾಣ ನಿಲ್ಲಿಸ್ಬೇಡ್ರಿ’ ಎಂದವು, ಎಲ್ಲವೂ ಒಂದೇ ದನಿಯಲ್ಲಿ. ಆಮೇಲೆ ಆ ಕಡೆ ನಾನು ತಲೆ ಹಾಕಿಲ್ಲ.

ಇರಲಿ. ನಾನು ಹೇಳಬೇಕೆಂದಿರುವುದು ನಮ್ಮ ಮಂಡಕ್ಕಿ ಭಟ್ಟಿಯ ಸರ್ವಮಂಗಳಕ್ಕಾರ ಸುದ್ದಿ.

ನಮ್ಮ ಭಟ್ಟಿ ಯಾರೋ ಸಾಹುಕಾರರದಲ್ಲ, ಅದರಲ್ಲಿ ದುಡಿಯುವ ಮನೆಗಳದ್ದೇ. ಅಕ್ಕಿಗೆ ಉಪ್ಪುನೀರು ಸವರಿ, ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಮೂಟೆ ಕಟ್ಟಿ ಕಳಿಸುತ್ತೇವೆ. ನಾನು ಅಳತೆಯವನು, ಅಳತೆ ಪಾಲಾಕ್ಷಪ್ಪ ಎಂದರೆ ಎಲ್ಲರಿಗೂ ಗೊತ್ತು. ಮಂಡಕ್ಕಿಯನ್ನು ಕೊಳಗದಲ್ಲಿ ತುಂಬಿ ಮೂಟೆಗೆ ಸುರಿಯುವಾಗ ನಾನು ‘ಒಂದು’ ಎನ್ನುವುದಿಲ್ಲ, ನಮ್ಮಪ್ಪ ಕಲಿಸಿದ ಹಾಗೆ ‘ಲಾಭ’ ಎಂದೇ ಶುರುಮಾಡುವುದು. ಲಾಭ, ಎರಡು, ಮೂರು. ಪ್ರತಿ ಕೊಳಗಕ್ಕೂ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು ನನ್ನ ಚಟ. ಭಟ್ಟಿಯ ದೂಳು ಕುಡಿದವರಿಗೆ ಅದೇನು ದೊಡ್ಡದಲ್ಲ, ಆದರೆ ಹೆಂಗಸರು ನನ್ನ ಕೆಮ್ಮನ್ನು ಅಣಕಿಸಿ ನಗುತ್ತಿದ್ದರು.

ಸರ್ವಮಂಗಳಕ್ಕ ಮೊದಲು ಜರಡಿಗೇ ಕೂರುತ್ತಿದ್ದವರು. ಹಳೆಯ ಯಜಮಾನ ಗುಡ್ಡಪ್ಪಜ್ಜನಿಗೆ ಹಲ್ಲು ಬಿದ್ದು ಮಂಡಕ್ಕಿ ಅಗಿಯಲಾಗದ ದಿನ, ‘ತಿನ್ನೋಕೆ ಬರದವನು ಮಾರಬಾರ್ದು’ ಎಂದು ಕೆಳಗಿಳಿದ. ಎಲ್ಲರೂ ಅಕ್ಕನ ಕಡೆ ಕೈ ತೋರಿಸಿದೆವು. ಭಟ್ಟಿಯ ನಡುವೆ, ಒಲೆಗೂ ಜರಡಿಗೂ ಮಧ್ಯೆ, ನುಲಿ ಮಂಚವಿದೆ. ಅಕ್ಕ ಸೆರಗು ಹೊದ್ದು ನಾಚುತ್ತ ಮಲಗಿದರು. ಒಂದು ಸಲ ನಕ್ಕರು, ಇನ್ನೊಂದು ಸಲ ಮಗ್ಗಲು ತಿರುಗಿದರು, ಅಷ್ಟೆ. ಸಣ್ಣ ಗೊರಕೆ ಕೇಳಿಸಿತು. ನಮ್ಮ ಜರಡಿಯ ಹಿರಿಯಳು ಜುಲೇಖಾಬಿ ಕೋಳಿಪುಕ್ಕ ಆಡಿಸಿದಳು, ಕಾಲು ಕದಲಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಗಲೂ ಅಕ್ಕ ಏಳಲಿಲ್ಲ. ಒಳ್ಳೇ ಯಜಮಾನ್ತಿ ಸಿಕ್ಕಳು ಎಂದು ಗುಡ್ಡಪ್ಪಜ್ಜ ಕಣ್ಣೊರೆಸಿಕೊಂಡ.

ಕೆಲವು ವರ್ಷ ಹಾಗೆಯೇ ಚೆನ್ನಾಗಿ ನಡೆಯಿತು. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಮಂಚ ಹತ್ತುತ್ತಿದ್ದರು, ನಾವು ಕಣ್ಣು ಅರಳಿಸಿಕೊಂಡು ದುಡಿಯುತ್ತಿದ್ದೆವು. ಆಮೇಲೊಂದು ಮಳೆಗಾಲ ದೊಡ್ಡ ಒಲೆಯ ಚಿಮಣಿ ಕುಸಿದು ಒಲೆಯೇ ಕೂತುಹೋಯಿತು. ಉಳಿದದ್ದು ಸಣ್ಣ ಒಲೆ ಒಂದೇ. ಅರ್ಧ ಜನ ಮನೆಯಲ್ಲಿ ಕೂರಬೇಕಾಗುತ್ತದೆ ಎಂದು ಎಲ್ಲರೂ ಮಾತಾಡಿಕೊಂಡರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

‘ಯಾರೂ ಮನೇಲಿ ಕೂರಂಗಿಲ್ಲ. ಎರಡು ಒಲೆ ಕೆಲಸ ಒಂದೇ ಒಲೇಲಿ ತೆಗಿಯೋಣ. ಹೆಂಗೆ ಅಂತ ನಾನು ನೋಡ್ಕೋತೀನಿ.’

ಆ ‘ನಾನು ನೋಡ್ಕೋತೀನಿ’ ಎಂಬ ಮಾತು ನಮಗೆ ಎಷ್ಟು ಹಿತವಾಗಿ ಕೇಳಿಸಿತೆಂದರೆ, ಗಾಣದ ಮನೆ ಯಾರ ನೆನಪಿಗೂ ಬರಲಿಲ್ಲ. ಒಲೆಗೆ ಸುರಿಯುವ ಭತ್ತದ ಹೊಟ್ಟು ಸಾಲದೆ ಬಂದರೆ ಅಕ್ಕ ತಾವೇ ಗಿರಣಿಗೆ ಓಡುವರು. ಮರಳು ಬದಲಾಯಿಸಬೇಕಾದರೆ ತಾವೇ ಬುಟ್ಟಿ ಹೊರುವರು. ಉಗ್ರಾಣ, ಹೊಟ್ಟಿನ ಕೋಣೆ, ಹಿಂದಿನ ಬಾಗಿಲು, ಎಲ್ಲ ಬೀಗದಕೈಗಳೂ ಅವರ ಸೊಂಟದಲ್ಲಿ ಝಣಝಣ ಎನ್ನುತ್ತಿದ್ದವು. ಮೂಟೆಗಳಿಗೆ ಜಾಗ ಸಾಲದ ಒಂದು ದಿನ, ‘ಇವತ್ತೊಂದಿನ ಮಂಚದ ಮೇಲಿಡ್ರಿ’ ಎಂದರು. ನಾನೇ ಇಟ್ಟೆ. ಮರುದಿನ ಆ ಮೂಟೆ ಹೋಯಿತು, ಬೇರೆ ಮೂಟೆ ಬಂದು ಕೂತಿತು.

ಯಾರೂ ಏನೂ ಅನ್ನಲಿಲ್ಲ. ಹೇಗೆ ಅನ್ನುವುದು? ನಮ್ಮ ಹೊಟ್ಟೆಗಾಗಿ ಒದ್ದಾಡುತ್ತಿರುವ ಹೆಂಗಸಿಗೆ ‘ಹೋಗಿ ಮಲಗು’ ಎನ್ನಲು ನಾಲಿಗೆ ಬರಲಿಲ್ಲ.

ಮೊದಲು ತೂಕಡಿಸಿದವಳು ಜುಲೇಖಾಬಿ. ಜರಡಿ ಆಡಿಸುತ್ತಲೇ ತಲೆ ಎಡಕ್ಕೆ ವಾಲಿತು, ಕೈ ಮಾತ್ರ ಆಡುತ್ತಲೇ ಇತ್ತು. ಅವಳ ಪಕ್ಕದ ಇಬ್ಬರ ತಲೆಗಳೂ ಎಡಕ್ಕೇ ವಾಲಿದವು. ಮೂವರ ಉಸಿರೂ ಒಟ್ಟಿಗೆ ಒಳಗೆ ಹೋಗಿ ಒಟ್ಟಿಗೆ ಹೊರಗೆ ಬರುತ್ತಿತ್ತು. ಮೂವರೂ ಒಟ್ಟಿಗೆ ಬಾಯಿ ತೆರೆದರು.

‘ಹೊಟ್ಟು ಬಂತಾ?’

ಅದು ಅಕ್ಕನ ದನಿ. ಅಕ್ಕ ಆಗ ಒಲೆಯ ಬಾಯಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದರು, ತುಟಿ ಬಿಚ್ಚಿರಲಿಲ್ಲ. ದನಿ ಕೇಳಿ ತಿರುಗಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

ಮಂಚ ಖಾಲಿ ಮಾಡಿಸುತ್ತಾರೆ ಎಂದುಕೊಂಡೆ. ಅವರು ಮಾಡಿದ್ದೇ ಬೇರೆ. ಅಕ್ಕನ ಮನಸ್ಸು ಬೆಣ್ಣೆ; ಆ ಬೆಣ್ಣೆಯೇ ನಮ್ಮ ಕಾಲು ಜಾರಿಸಿದ್ದು. ಮೂವರನ್ನೂ ಎಬ್ಬಿಸಿ, ‘ನಿಮಗೆ ದಣಿವಾಗೈತಿ, ಮನಿಗೆ ಹೋಗಿ ಸುಧಾರಿಸ್ಕೊಳ್ರಿ, ನಾನು ಜರಡಿ ಹಿಡೀತೀನಿ’ ಎಂದರು. ಮರುದಿನದಿಂದ ಎಲ್ಲರಿಗೂ ಹತ್ತು ಗಂಟೆಗೆ ರಾಗಿ ಅಂಬಲಿ, ಮೂರು ಗಂಟೆಗೆ ಬೆಲ್ಲದ ಪಾನಕ. ಬೆನ್ನು ನೋಯುವವರಿಗೆ ಒರಗಲು ಹೊಟ್ಟಿನ ದಿಂಬು ಹೊಲಿಸಿಕೊಟ್ಟರು. ಒಲೆಯ ಕಾವು ತಾಗದ ಹಾಗೆ ಬಿದಿರಿನ ತಟ್ಟಿ ಕಟ್ಟಿಸಿದರು. ಯಾರು ಆಕಳಿಸಿದರೂ ಅವರಿಗೆ ಅರ್ಧ ದಿನ ರಜೆ. ಅಂಬಲಿ ಕಾಯಿಸಿದ್ದು ಅಕ್ಕ, ದಿಂಬು ಹೊಲಿದದ್ದು ಅಕ್ಕ, ರಜೆ ಹೋದವರ ಕೆಲಸ ಮಾಡಿದ್ದೂ ಅಕ್ಕ. ಅವರು ನಮ್ಮನ್ನು ಎಷ್ಟೆಷ್ಟು ನೋಡಿಕೊಂಡರೋ ಅಷ್ಟಷ್ಟು ಅವರ ನಿದ್ದೆ ನಮ್ಮ ಮೇಲೆ ಸುರಿಯಿತು. ಅಂಬಲಿ ಕುಡಿದ ಲೋಟ ಕೈಯಲ್ಲಿರುವಾಗಲೇ ಜನ ಒರಗುತ್ತಿದ್ದರು.

ನಮ್ಮಲ್ಲಿ ರೇಣವ್ವ ಎಂಬ ಹುಡುಗಿಯಿದ್ದಳು. ಬಾಣಂತನ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದಳು, ಎದೆಹಾಲು ಕುಡಿಯುವ ಹೆಣ್ಣುಕೂಸು ಮನೆಯಲ್ಲಿ ಅತ್ತೆಯ ಹತ್ತಿರವಿತ್ತು. ಕೂಸು ಅವಳನ್ನು ಮಲಗಲು ಬಿಡುತ್ತಿರಲಿಲ್ಲ. ನಮ್ಮೆಲ್ಲರಲ್ಲಿ ಅವಳೇ ತಗ್ಗು. ಹರಿದದ್ದೆಲ್ಲ ಅಲ್ಲಿಗೆ ಹೋಗಿ ನಿಂತಿತು. ಅಕ್ಕ ಅವಳಿಗೆ ಒಂದು ವಾರ ರಜೆ ಕೊಟ್ಟು ಕಳಿಸಿದರು, ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಕೈಯಲ್ಲಿ ಒಂದು ಡಬ್ಬಿ ಅಂಟಿನುಂಡೆಯನ್ನೂ ಕಳಿಸಿಕೊಟ್ಟರು.

ನಾನು ಹೋದಾಗ ರೇಣವ್ವ ಗೋಡೆಗೆ ಒರಗಿ ಕೂತಿದ್ದಳು. ಕೂಸು ಅವಳ ಮಡಿಲಲ್ಲಿ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿತ್ತು. ರೇಣವ್ವನ ಕಣ್ಣು ಅರೆ ತೆರೆದಿತ್ತು, ಒಳಗೆ ಬಿಳಿ ಗುಡ್ಡೆ ಮಾತ್ರ. ಕೈಗಳು ಗಾಳಿಯಲ್ಲಿ ಏನನ್ನೋ ಎತ್ತಿ ಇಡುತ್ತಿದ್ದವು. ಅತ್ತೆ ಬಾಗಿಲಲ್ಲಿ ನಿಂತು, ‘ನಿನ್ನೆಯಿಂದ ಹಿಂಗೇ ಐತೆಪ್ಪ, ನೀರು ಹೊಡೆದ್ರೂ ಏಳ್ವಲ್ಲಳು’ ಎಂದು ಬಿಕ್ಕಿದಳು.

‘ಹೊಟ್ಟು ಬಂತಾ?’ ಎಂದಳು ರೇಣವ್ವ, ಅಕ್ಕನ ದನಿಯಲ್ಲಿ. ಗೋಡೆಯಾಚೆಯ ಮನೆಯಿಂದಲೂ ಅದೇ ಮಾತು ಅದೇ ಕ್ಷಣಕ್ಕೆ ಕೇಳಿಸಿತು. ಅದು ಜುಲೇಖಾಬಿಯ ಮನೆ. ಬೀದಿಯ ಕೊನೆಯ ಮನೆಯಿಂದಲೂ ಕೇಳಿಸಿತು. ಆಮೇಲೆ ಎಲ್ಲ ಮನೆಗಳೂ ಒಟ್ಟಿಗೆ, ‘ಇರ್ಲಿ ಬಿಡ್ರಿ, ನಾನು ನೋಡ್ಕೋತೀನಿ’ ಎಂದವು.

ಉಂಡೆಯ ಡಬ್ಬಿ ಅಲ್ಲೇ ಇಟ್ಟು ಭಟ್ಟಿಗೆ ಓಡಿದೆ. ಅಕ್ಕ ಒಬ್ಬರೇ ಮರಳು ಕೆದಕುತ್ತ ನಿಂತಿದ್ದರು. ಕಂಡದ್ದನ್ನು ಹೇಳಿದೆ. ‘ಗಾಣದ ಮನೆ ಥರಾನೇ ಇತ್ತು ಅಕ್ಕಾರೇ’ ಎಂದೆ. ಅವರ ಕೈಯಿಂದ ಸೌಟು ಬಿತ್ತು.

ಮರುದಿನ ಬೆಳಿಗ್ಗೆಯೇ ಮಂಚದ ಮೇಲಿನ ಮೂಟೆ ಇಳಿಸಿದೆವು. ಎಚ್ಚರವಿದ್ದವರೆಲ್ಲ ಸುತ್ತ ನಿಂತೆವು. ಅಕ್ಕ ಮಲಗಿದರು, ಕಣ್ಣು ಬಿಗಿಯಾಗಿ ಮುಚ್ಚಿದರು, ಹಲ್ಲು ಕಚ್ಚಿದರು. ರೆಪ್ಪೆಯ ಕೆಳಗೆ ಗುಡ್ಡೆ ಓಡಾಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ‘ರೇಣವ್ವ ಎದ್ಲಾ?’ ಎಂದರು. ಇಲ್ಲ ಎಂದೆವು. ಮತ್ತೆ ಮುಚ್ಚಿದರು. ‘ಈಗ?’ ಎಂದರು. ಅವತ್ತಿಡೀ ಹೀಗೇ. ಮರುದಿನವೂ ಹೀಗೇ. ಗಸಗಸೆ ಪಾಯಸ ಕುಡಿಸಿದೆವು, ತಲೆಗೆ ಹರಳೆಣ್ಣೆ ತಟ್ಟಿದೆವು. ಬಿಟ್ಟ ನಿದ್ದೆ ಕರೆದರೆ ಬರುತ್ತದೆಯೇ? ಅಕ್ಕನ ಕಣ್ಣು ಕೆಂಡವಾಗಿತ್ತು. ನಮ್ಮ ನಡುವೆ ಒಬ್ಬೊಬ್ಬರೇ ನಿಂತಲ್ಲೇ ಕುಸಿಯುತ್ತಿದ್ದರು. ರೇಣವ್ವನ ಕೈ ಆಡುವುದೂ ನಿಂತಿದೆ ಎಂದು ಸುದ್ದಿ ಬಂತು. ಗಾಣದ ಮನೆಯವರಿಗೂ ಮೊದಲು ಮೈ ತಣ್ಣಗಾಗಿ, ಆಮೇಲೆ ಕೈ ನಿಂತು, ಆಮೇಲೆ ಹಾಗೆಯೇ ಉಳಿದುಹೋಯಿತೆಂದು ಊರಿಗೆಲ್ಲ ಗೊತ್ತಿತ್ತು.

ಗುಡ್ಡಪ್ಪಜ್ಜನನ್ನು ಕೈ ಹಿಡಿದು ಕರೆತಂದೆವು. ಅಜ್ಜ ಮಂಚದ ಕಾಲ ಬಳಿ ಕೂತು ಅಕ್ಕನನ್ನು ಬಹಳ ಹೊತ್ತು ನೋಡಿದ.

‘ಯಾಕೆ ಮಲಗೀಯವ್ವ?’

‘ರೇಣವ್ವ ಏಳ್ಬೇಕಲ್ಲ ಅಜ್ಜಾ.’

‘ಹಂಗಾದ್ರೆ ಇದೂ ಒಂದು ಡ್ಯೂಟಿ ಅಂತ ಮಾಡ್ಲಿಕ್ಕತ್ತೀಯ. ಮೂಟೆ ಹೊತ್ತಂಗೆ ನಿದ್ದೆ ಹೊರೋಕೆ ಹೊಂಟೀಯ. ನಿದ್ದೆ ಕೂಲಿಗೆ ಬರಾಂಗಿಲ್ಲ ತಾಯಿ.’

‘ಮತ್ತೇನು ಮಾಡ್ಲಿ?’

‘ನೋಡು, ಮತ್ತೆ ಮಾಡೋದನ್ನೇ ಕೇಳ್ತಾಳೆ’ ಎಂದು ಅಜ್ಜ ಬೋಳು ಬಾಯಿ ಬಿಟ್ಟು ನಮ್ಮ ಕಡೆ ನೋಡಿದ.

ಆಗ ಎದ್ದು ನಿಂತವಳು ಜುಲೇಖಾಬಿ. ಎರಡು ದಿನ ತನ್ನದಲ್ಲದ ನಿದ್ದೆ ಮಾಡಿ ಅವತ್ತಷ್ಟೇ ಎಚ್ಚರಾಗಿ ಬಂದಿದ್ದ ಅವಳ ಮುಖ ಊದಿಕೊಂಡಿತ್ತು. ಸೀದಾ ಮಂಚದ ಹತ್ತಿರ ಹೋಗಿ ಅಕ್ಕನ ಸೊಂಟದಿಂದ ಬೀಗದಕೈಯ ಗೊಂಚಲು ಎಳೆದುಕೊಂಡಳು. ಅಕ್ಕ ಸರಕ್ಕನೆ ಎದ್ದು ಕೂತು ಅವಳ ಮುಂಗೈ ಹಿಡಿದರು.

‘ಬಿಡು ಮಂಗಳಾ’ ಎಂದಳು ಜುಲೇಖಾಬಿ. ಯಜಮಾನ್ತಿಯಾದ ಮೇಲೆ ಅಕ್ಕನನ್ನು ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ‘ನಿನ್ನ ಉಪಕಾರ ನಮಗೆ ಸಾಕಾಗೈತಿ. ನಿನ್ನ ಅಂಬಲಿ ಬ್ಯಾಡ, ನಿನ್ನ ದಿಂಬು ಬ್ಯಾಡ. ನೀನು ನಮಗೆ ಕೆಲಸ ಕೊಡ್ಲಿಲ್ಲ, ನಮ್ಮ ಕೆಲಸ ಕಸ್ಕೊಂಡಿ. ವಾಪಸ್ ಕೊಡು.’

ಅಕ್ಕನ ಕೈ ಸಡಿಲವಾಯಿತು. ಜುಲೇಖಾಬಿ ಗೊಂಚಲು ಬಿಚ್ಚಿ ಹೊಟ್ಟಿನ ಕೋಣೆಯದನ್ನು ಒಬ್ಬರಿಗೆ ಕೊಟ್ಟಳು. ‘ಆ ಬಾಗಿಲು ಎಳೆದು ಹಿಡಿದು ತಿರುವಬೇಕು’ ಎಂದರು ಅಕ್ಕ. ‘ನಾವು ಕಂಡ್ಕೋತೀವಿ’ ಎಂದಳು. ಉಗ್ರಾಣದ್ದು ಇನ್ನೊಬ್ಬರಿಗೆ ಹೋಯಿತು. ‘ಕೆಳಗಿನ ಸಾಲಿಗೆ ಇಲಿ ಬರ್ತಾವೆ, ದಿನಾ ನೋಡ್ಬೇಕು’ ಎಂದರು. ‘ತಿಂದ್ರೆ ತಿನ್ಲಿ’ ಎಂದಳು. ಹೀಗೆ ಒಂದೊಂದು ಬೀಗದಕೈಗೂ ಅಕ್ಕ ಒಂದೊಂದು ಬುದ್ಧಿಮಾತು ಹೇಳುವುದು, ಜುಲೇಖಾಬಿ ಅದನ್ನು ಕತ್ತರಿಸುವುದು. ಕೊನೆಗೆ ಒಲೆ ಕೆದಕುವ ಕಬ್ಬಿಣದ ಸೌಟು ಉಳಿಯಿತು. ಅದನ್ನು ತಾನೇ ಎತ್ತಿಕೊಂಡಳು.

‘ಬೆಂಕಿ ಆರಿಬಿಟ್ರೆ?’ ಎಂದರು ಅಕ್ಕ. ಅವರ ದನಿ ಚಿಕ್ಕ ಹುಡುಗಿಯದಾಗಿತ್ತು.

‘ಆರ್ಲಿ. ಹಚ್ಚೋಕೆ ನಮಗೂ ಬರ್ತದೆ.’

ಅಕ್ಕ ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಯಾರಾದರೂ ‘ಇಲ್ಲ ಅಕ್ಕಾರೇ, ನೀವಿಲ್ಲದೆ ಆಗಲ್ಲ’ ಎನ್ನಲಿ ಎಂದು ಕಾದರು. ನನ್ನ ಬಾಯಿಗೆ ಆ ಮಾತು ಬಂದೇ ಬಿಟ್ಟಿತ್ತು. ಗುಡ್ಡಪ್ಪಜ್ಜ ನನ್ನ ಕಾಲು ತುಳಿದ. ‘ನನಗೆ ಸಾಕಾಗೈತಿ ಜುಲೇಖಾ’ ಎಂದರು. ‘ಚಿಮಣಿ ಬಿದ್ದ ದಿನದಿಂದ್ಲೇ ಸಾಕಾಗೈತಿ. ನನ್ನ ಕೈಲಿ ಆಗ್ತಿಲ್ಲ.’ ಹಾಗೆಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ. ಜುಲೇಖಾಬಿ ಸೌಟನ್ನು ಪಕ್ಕದವಳಿಗೆ ಕೊಟ್ಟು, ತನ್ನ ಜಾಗಕ್ಕೆ ಹೋಗಿ ಜರಡಿ ಹಿಡಿದಳು. ಸರಸರ, ಸರಸರ. ಉಳಿದ ನಾವೂ ಬೆನ್ನು ತಿರುಗಿಸಿ ನಮ್ಮ ನಮ್ಮ ಕೆಲಸಕ್ಕೆ ಹೊರಟೆವು. ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ತಿರುಗಿ ನೋಡಿದರೆ ಅಕ್ಕ ಮಗ್ಗಲಾಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಆ ಹಳೆಯ ಸಣ್ಣ ಗೊರಕೆ ಕೇಳಿಸಿದಾಗ ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನಿಲ್ಲ.

ಸಂಜೆಯೊಳಗೆ ರೇಣವ್ವನ ಅತ್ತೆ ಕೂಸನ್ನೆತ್ತಿಕೊಂಡು ಓಡಿ ಬಂದಳು. ರೇಣವ್ವ ಎದ್ದಿದ್ದಳು. ತನ್ನದೇ ದನಿಯಲ್ಲಿ ‘ಹಸಿವು’ ಎಂದಿದ್ದಳು.

ಅಕ್ಕನನ್ನು ಯಾರೂ ಎಬ್ಬಿಸಬಾರದೆಂದು ನಿಶ್ಚಯವಾಯಿತು. ಅಷ್ಟು ದಿನದ ಬಾಕಿ ಒಂದು ಮಧ್ಯಾಹ್ನದಲ್ಲಿ ತೀರುತ್ತದೆಯೇ? ನಡುನಡುವೆ ಜುಲೇಖಾಬಿ ಅವರ ತಲೆ ಎತ್ತಿ ಬಾಯಿಗೆ ಗಂಜಿ ಬಿಡುತ್ತಿದ್ದಳು, ಅಕ್ಕ ಕಣ್ಣು ಮುಚ್ಚಿಯೇ ನುಂಗುತ್ತಿದ್ದರು. ರೇಣವ್ವ ಕೆಲಸಕ್ಕೆ ಬಂದಳು, ಕೂಸನ್ನು ಮಂಚಕ್ಕೇ ಜೋಲಿ ಕಟ್ಟಿ ಮಲಗಿಸಿದಳು. ಹಬ್ಬ ಬಂತು, ಮಂಚಕ್ಕೂ ಮಾವಿನ ಎಲೆ ಕಟ್ಟಿದೆವು. ನಾವು ಬಿದ್ದ ಒಲೆಯನ್ನು ಸರದಿಯಲ್ಲಿ ನಾವೇ ಎತ್ತಿ ಕಟ್ಟಿದೆವು. ಬೆಂಕಿ ಎರಡು ಸಲ ಆರಿತು, ಎರಡು ಸಲ ಹಚ್ಚಿದೆವು. ಇಲಿ ಒಂದು ಮೂಟೆ ಅಕ್ಕಿ ತಿಂದಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಬೀಗದಕೈಗಳ ಮಾತು ಹೇಳುವುದು ಮರೆತೆ. ಉಗ್ರಾಣದವನು ಮಗಳ ಮನೆಗೆ ಹೊರಟಾಗ, ‘ಪಾಲಾಕ್ಷಣ್ಣ, ನಾಲ್ಕು ದಿನ ನಿನ್ನ ಹತ್ರ ಇರ್ಲಿ’ ಎಂದ. ಇರಲಿ ಎಂದೆ. ಹೊಟ್ಟಿನ ಕೋಣೆಯವಳು ಆ ಬಾಗಿಲಿನ ಜತೆ ಗುದ್ದಾಡಿ ಬೇಸತ್ತು ತಂದು ಕೊಟ್ಟಳು. ಹಿಂದಿನ ಬಾಗಿಲಿನದನ್ನು ನಾನೇ ಕೇಳಿ ತೆಗೆದುಕೊಂಡೆ, ಅದನ್ನು ಇಟ್ಟುಕೊಂಡಿದ್ದವನು ಬೀಗ ಹಾಕುವುದನ್ನು ಮರೆಯುತ್ತಿದ್ದ. ಹೇಗಿದ್ದರೂ ಅಳತೆ ನನ್ನದು, ಮೂಟೆ ನನ್ನದು, ಲಾರಿಯವರು ಕೇಳುವುದೂ ನನ್ನನ್ನೇ. ಜನ ನನ್ನನ್ನು ಅಣ್ಣಾರೇ ಎನ್ನತೊಡಗಿದರು. ಸೊಂಟದಲ್ಲಿ ಗೊಂಚಲು ಝಣಝಣ ಎನ್ನುವಾಗ ಮನಸ್ಸಿಗೆ ಒಂಥರಾ ಖುಷಿಯಾಗುತ್ತಿತ್ತು. ಮನೆಗೆ ಹೋದರೆ ನಾಳೆಯ ಲಾರಿಯ ಯೋಚನೆ. ಹೆಂಡತಿ, ‘ಯಾಕ್ರಿ, ಕಣ್ಣು ಕೆಂಪಗಾಗೈತಿ?’ ಎಂದಳು. ಹೊಗೆ ಕಣೇ ಎಂದೆ. ಮಂಚದಲ್ಲಿ ಅಕ್ಕ ಮಲಗಿದ್ದಾರಲ್ಲ, ಯಜಮಾನರ ನಿದ್ದೆ ಅಂತೂ ನಡೆಯುತ್ತಿದೆಯಲ್ಲ ಎಂಬ ಧೈರ್ಯ ನನಗೆ.

ಅಕ್ಕ ಮಾತ್ರ ಏಳಲಿಲ್ಲ. ಹೊಸ ಒಲೆಗೆ ಪೂಜೆ ಮಾಡುವ ದಿನ ಬಂದರೂ ಏಳಲಿಲ್ಲ. ಇಷ್ಟೊಂದು ಬಾಕಿ ಇತ್ತೇ ಎಂದು ಜನ ಪಿಸುಗುಟ್ಟಿದರು. ಗೊರಕೆ ಯಾವಾಗಲೋ ನಿಂತಿತ್ತು. ಜುಲೇಖಾಬಿ ಅವರ ಅಂಗಾಲು ಮುಟ್ಟಿ ನೋಡಿ, ‘ತಣ್ಣಗೈತಿ’ ಎಂದಳು. ಅವಳು ಗಾಣದ ಮನೆಯನ್ನು ನೆನೆಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ನನಗೆ ಸಿಟ್ಟೇ ಬಂತು. ‘ಅವ್ರ ಪಾಡಿಗೆ ಬಿಡು. ಎಲ್ಲ ನಾನು ನೋಡ್ಕೋತಾ ಇದ್ದೀನಲ್ಲ’ ಎಂದು ಗದರಿಸಿ ಅಳತೆಗೆ ಹೋದೆ.

ಮಧ್ಯಾಹ್ನ ಬಿಸಿಲು ಹೆಂಚಿನ ಸಂದಿಯಿಂದ ಮಂಚದ ಮೇಲೆ ಬಿದ್ದಿತ್ತು. ನಾನು ಕೊಳಗ ತುಂಬಿ ಬಾಯಿ ತೆರೆಯುವ ಮೊದಲೇ ಯಾರೋ ‘ಲಾಭ’ ಎಂದರು.

ಕೈ ಹಾಗೇ ನಿಂತಿತು. ಅಣಕಿಸುತ್ತಿದ್ದಾರೆಂದುಕೊಂಡು ಹೆಂಗಸರ ಕಡೆ ನೋಡಿದೆ. ಅವರೂ ಜರಡಿ ನಿಲ್ಲಿಸಿ ಮಂಚದ ಕಡೆ ನೋಡುತ್ತಿದ್ದರು. ಅಕ್ಕನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ, ತುಟಿ ಮಾತ್ರ ತೆರೆಯಿತು. ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅದು ನನ್ನ ಕೆಮ್ಮು. ನಲವತ್ತು ವರ್ಷ ನಾನು ಕೆಮ್ಮಿದ್ದು ನನಗೆ ಗೊತ್ತಾಗದೇ?

‘ಎರಡು’ ಎಂದರು ಅಕ್ಕ, ನನ್ನ ದನಿಯಲ್ಲಿ. ಮತ್ತೆ ಕೆಮ್ಮು. ‘ಮೂರು. ಲಾರಿ ಬಂತಾ?’

ಅಕ್ಕ ತಮ್ಮ ಬಾಕಿಯನ್ನು ಎಂದೋ ಮಲಗಿ ತೀರಿಸಿದ್ದರು. ಎಂದೋ ಏಳಬೇಕಾಗಿದ್ದವರು. ಮಂಚದ ಮೇಲೆ ಅವರಿದ್ದರು, ಯಜಮಾನ ನಾನಾಗಿದ್ದೆ, ಅವರು ನನ್ನ ಕೆಳಗಿನವರಾಗಿದ್ದರು. ನಮ್ಮೆಲ್ಲರಲ್ಲಿ ಹೆಚ್ಚು ಸವೆದವರೂ ಅವರೇ. ಹರಿದದ್ದು ಅಲ್ಲಿಗೇ ಹೋಗಿ ನಿಂತಿತ್ತು. ಅವರ ಎರಡೂ ಕೈಗಳು ಎದೆಯ ಮೇಲೆ ಕೊಳಗ ತುಂಬುವ ಹಾಗೆ ಆಡುತ್ತಿದ್ದವು, ಬಹಳ ನಿಧಾನ, ಇನ್ನೇನು ನಿಂತುಬಿಡುವ ಹಾಗೆ.

ಬಾಗಿಲಲ್ಲಿ ಲಾರಿ ಹಾರ್ನ್ ಹೊಡೆಯಿತು. ನನ್ನ ಕಾಲು ತಾನಾಗಿಯೇ ಆ ಕಡೆ ಹೊರಟಿತು. ದೇವರಾಣೆ, ಆಗಲೂ ಹೊರಟಿತು. ‘ಇದೊಂದು ಲಾರಿ ತುಂಬಿಸಿಬಿಟ್ಟು ಆಮೇಲೆ’ ಎಂದು ಮನಸ್ಸಿನಲ್ಲಿ ಅಂದುಕೊಂಡವನು, ಆ ಮಾತು ಮುಗಿಯುವ ಮೊದಲೇ ಅಕ್ಕನ ಬಾಯಲ್ಲಿ ಅದನ್ನು ಕೇಳಿದೆ.

‘ಇದೊಂದು ಲಾರಿ…’

ಸೊಂಟದ ಗೊಂಚಲು ಬಿಚ್ಚಿ ಜುಲೇಖಾಬಿಯ ಮಡಿಲಿಗೆ ಹಾಕಿದೆ. ಬಾಗಿಲನ್ನು ಎಳೆದು ಹಿಡಿದು ತಿರುವಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ‘ನನ್ನ ಕೈಲೂ ಆಗಲ್ಲ ಕಣಮ್ಮಾ’ ಎಂದೆ. ಆಗಲ್ಲ ಎಂಬುದು ಅಷ್ಟು ಹೊತ್ತೂ ನನಗೇ ಗೊತ್ತಿರಲಿಲ್ಲ. ಮಂಚದ ಪಕ್ಕದಲ್ಲಿ, ಮರಳು ಚೆಲ್ಲಿದ ನೆಲದ ಮೇಲೆ ಕೊಳಗ ತಲೆಗಿಟ್ಟುಕೊಂಡು ಮಲಗಿದೆ. ಬಾಗಿಲಲ್ಲಿ ಲಾರಿಯವನು ಕೂಗುತ್ತಲೇ ಇದ್ದ. ರೇಣವ್ವ ಎದ್ದು ಹೋಗಿ ಅವನಿಗೆ ಏನೋ ಹೇಳಿದಳು. ಏನು ಹೇಳಿದಳೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸರಸರ, ಸರಸರ ಎಂದು ಜರಡಿ ಶುರುವಾಯಿತು.

ಮುಂದಿನದು ನಾನು ಕಂಡದ್ದಲ್ಲ, ಜುಲೇಖಾಬಿ ಹೇಳಿದ್ದು. ನಾನು ಗೊರಕೆ ಹೊಡೆಯಲು ಶುರು ಮಾಡಿದೆನಂತೆ, ಹೆಂಚು ಹಾರುವ ಹಾಗೆ. ಕೂಸು ಬೆಚ್ಚಿ ಅತ್ತಿತಂತೆ. ಮಂಚ ಕಿರ್ರೆಂದಿತು. ಅಕ್ಕ ಎದ್ದು ಕೂತು, ಕಾಲು ಕೆಳಗೆ ಬಿಟ್ಟರೆ ಸಿಕ್ಕಿದ್ದು ನನ್ನ ಹೊಟ್ಟೆ. ಈಗ ‘ಬೆಂಕಿ ಉರೀತಿದೆಯಾ’ ಎಂದು ಕೇಳುತ್ತಾರೆ, ‘ಹೊಟ್ಟು ಬಂತಾ’ ಎಂದು ಕೇಳುತ್ತಾರೆ ಎಂದು ಎಲ್ಲರೂ ಕಾದರಂತೆ. ಅಕ್ಕ ನನ್ನನ್ನು ನೋಡಿದರು, ಜುಲೇಖಾಬಿಯ ಮಡಿಲಿನಲ್ಲಿದ್ದ ಗೊಂಚಲನ್ನು ನೋಡಿದರು.

‘ಪಾಪ, ಇವ್ರು ಎಷ್ಟು ದಿನದಿಂದ ಮಲಗಿಲ್ಲ?’ ಎಂದರಂತೆ.

ನನಗೆ ಎಚ್ಚರವಾದಾಗ ಹೊರಗೆ ಬೇರೆ ಯಾವುದೋ ದಿನದ ಬೆಳಕಿತ್ತು. ನನ್ನ ತಲೆಯ ಕೆಳಗಿನ ಕೊಳಗ ಇರಲಿಲ್ಲ, ಹೊಟ್ಟಿನ ದಿಂಬಿತ್ತು. ಯಾರೋ ಅಳೆಯುತ್ತಿದ್ದರು, ‘ಒಂದು’ ಎಂದೇ ಶುರು ಮಾಡಿ. ತಪ್ಪು, ತಿದ್ದಬೇಕು ಎಂದು ಎದ್ದು ಕೂರಲು ಹೋದೆ. ಮಂಚದ ಅಂಚಿನಲ್ಲಿ ಸರ್ವಮಂಗಳಕ್ಕ ಕೂತಿದ್ದರು. ರೇಣವ್ವನ ಕೂಸು ಅವರ ತೊಡೆಯ ಮೇಲಿತ್ತು. ಅವರು ಏನನ್ನೂ ಹೊಲಿಯುತ್ತಿರಲಿಲ್ಲ, ಕಾಯಿಸುತ್ತಿರಲಿಲ್ಲ, ನೋಡಿಕೊಳ್ಳುತ್ತಿರಲಿಲ್ಲ. ಸುಮ್ಮನೆ ಕೂತಿದ್ದರು. ಒಲೆ ಆರಿತ್ತು, ಯಾರೋ ಅದನ್ನು ಹಚ್ಚಲು ಊದುತ್ತಿದ್ದರು, ಅದು ಹೊತ್ತುತ್ತಿರಲಿಲ್ಲ.

ಅಕ್ಕ ಆ ಕಡೆ ತಿರುಗಿಯೂ ನೋಡದೆ ನನ್ನನ್ನು ಕೇಳಿದರು.

‘ನಿದ್ದೆ ಆಯ್ತಾ, ಪಾಲಾಕ್ಷಣ್ಣ?’

ಉತ್ತರ ಕೊಡುವ ಮೊದಲು ನಾನು ಅವರ ದನಿಯನ್ನು ಕಿವಿಗೊಟ್ಟು ಕೇಳಿದೆ. ಅದು ಅವರದೇ ಆಗಿತ್ತು.

‘ಇನ್ನೂ ಸ್ವಲ್ಪ ಐತಿ ಅಕ್ಕಾರೇ’ ಎಂದು ಮತ್ತೆ ಮಲಗಿದೆ.